ಹಳದಿ ಹಾಳೆಯ ನಾಲ್ಕು ಖಾಲಿ ಸಾಲು

ಕಳೆದ ವಾರ ನಮ್ಮ ಚಿಕ್ಕಮ್ಮನ ಮಗಳಿಗೆ ಹೆರಿಗೆಯಾಯಿತು. ಸುದ್ದಿ ಬಂದು ಅರ್ಧ ಗಂಟೆಯಾಗಿರಲಿಲ್ಲ, ಅಮ್ಮ ಬಜೆ ಎಲ್ಲಿ ಎಂದು ಶುರು ಮಾಡಿದರು. ನಮ್ಮ ಮನೆಯ ಹಳೇ ಬಜೆ ಅದು. ನಾನೂ ನನ್ನ ತಂಗಿಯೂ ಹಸುಗೂಸಾಗಿದ್ದಾಗ ತೇಯ್ದು ನಮ್ಮ ನಾಲಿಗೆಗೆ ಸವರಿದ್ದ ಬೇರು. ಗ್ರಂಧಿಗೆ ಅಂಗಡಿಯಲ್ಲಿ ಹೊಸದು ಸಿಗುತ್ತದಲ್ಲ ಎಂದರೆ ಅಮ್ಮನಿಗೆ ಸಿಟ್ಟು ಬರುತ್ತದೆ. ಕೊನೆಗೆ ನೆನಪಾಯಿತು, ಅದು ಕೊನೆಯ ಸಲ ಪ್ರಯಾಣ ಮಾಡಿದ್ದು ನನ್ನ ಜೊತೆ ಆಸ್ಟ್ರೇಲಿಯಾಕ್ಕೆ. ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಒಳಜೇಬಿನ ಜಿಪ್ ಎಳೆದೆ. ಎಳೆದ ಕೂಡಲೇ ಮೂಗಿಗೆ ಅದೇ ಘಾಟು.

ಬಜೆಯನ್ನು ಯಾರೋ ಒಂದು ಹಳದಿ ಕಾಗದದಲ್ಲಿ ಸುತ್ತಿಟ್ಟಿದ್ದರು. ಬಿಡಿಸಿ ನೋಡಿದರೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಸ್ಕೋರ್‌ಶೀಟಿನ ಕಾರ್ಬನ್ ಪ್ರತಿ. ಅಕ್ಷರ ನನ್ನದೇ. ಆ ಹಾಳೆಯನ್ನು ಐದು ವರ್ಷದ ಹಿಂದೆ ಸಿಡ್ನಿಯಲ್ಲಿ ಕಸದ ಬುಟ್ಟಿಗೆ ಹಾಕಿ ಬಂದಿದ್ದೇನೆ ಎಂದೇ ನಾನು ನಂಬಿದ್ದೆ. ಇಲ್ಲಿಗೆ ಹೇಗೆ ಬಂತೋ... ಅಟ್ಟದ ಏಣಿಯ ಮೇಲೇ ಕೂತುಬಿಟ್ಟೆ. ಕೆಳಗಿನಿಂದ ಅಮ್ಮ, "ಸಿಕ್ತೇನೇ?" ಎಂದು ಎರಡು ಸಲ ಕೂಗಿದರು.

ಹುಬ್ಬಳ್ಳಿ ಅಕ್ಕ ನೆನಪಾದರು. ನೆನಪಾದರು ಎಂದರೆ ಪ್ರೀತಿಯಿಂದ ಅಂದುಕೊಳ್ಳಬೇಡಿ. ಹೊಟ್ಟೆ ಉರಿಯಿತು.

ಆಗ ನನಗೆ ನಲವತ್ತೊಂದು. ತಂಗಿ ಸಿಡ್ನಿಯ ಪಶ್ಚಿಮದ ಕಡೆಯ ಒಂದು ಸಬರ್ಬಿನಲ್ಲಿ ಇದ್ದಳು, ಈಗಲೂ ಅಲ್ಲೇ ಇದ್ದಾಳೆ. ಅವಳಿಗೆ ಮೊದಲನೇ ಹೆರಿಗೆ. ಅಮ್ಮನಿಗೆ ಬೆನ್ನುನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾಗದು. ಹಾಗಾಗಿ ಬಾಣಂತನಕ್ಕೆ ನಾನು ಹೊರಟೆ. ಮೈಸೂರಿನ ಶಾಲೆಯಲ್ಲಿ ಗಣಿತ ಪಾಠ ಮಾಡುವವಳು, ಮೂರು ತಿಂಗಳು ರಜೆ ಹಾಕಿ, ಒಂದು ಸೂಟ್‌ಕೇಸಿನ ತುಂಬ ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು, ಈ ಬಜೆ ಇಟ್ಟುಕೊಂಡು ಸಿಡ್ನಿಯಲ್ಲಿ ಇಳಿದೆ. ಏರ್‌ಪೋರ್ಟಿನಲ್ಲಿ ಆಫೀಸರ್ ಬಜೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಮೂಸಿ, ಮುಖ ಕಿವುಚಿ ವಾಪಸ್ ಕೊಟ್ಟ.

ಬೆಳಿಗ್ಗೆ ಕೂಸಿಗೆ ಎಣ್ಣೆ, ನೀರು, ಆಮೇಲೆ ಸಾಂಬ್ರಾಣಿ ಹೊಗೆ. ಮೊದಲ ದಿನವೇ ಸ್ಮೋಕ್ ಅಲಾರಂ ಕಿರುಚಿ, ತಂಗಿಯ ಗಂಡ ಟವೆಲ್ ಹಿಡಿದು ಅದಕ್ಕೆ ಗಾಳಿ ಬೀಸಿದ್ದೇ ಬೀಸಿದ್ದು. ತಂಗಿ ಹೊಲಿಗೆಯ ನೋವಿನಲ್ಲೂ ನಕ್ಕಳು. ಸಂಜೆ ಆರಕ್ಕೆ ಅವನು ಆಫೀಸಿನಿಂದ ಬಂದ ಮೇಲೆ ನನಗೆ ಒಂದು ಗಂಟೆ ಬಿಡುವು. ಬೇಸಿಗೆಯಲ್ಲಿ ಅಲ್ಲಿ ಎಂಟರವರೆಗೂ ಬೆಳಕು. ವಾಕಿಂಗ್ ಹೋಗುತ್ತೇನೆಂದು ಹೊರಟವಳಿಗೆ ಲೈಬ್ರರಿ ಹಿಂದಿನ ಪಾರ್ಕಿನಿಂದ ಆ ಸದ್ದು ಕೇಳಿತು. ಸಿಮೆಂಟಿನ ಮೇಲೆ ಚೆಂಡು ಪುಟಿಯುವ ಸದ್ದು.

ನಾನು ಆಡಿದವಳು. ಮಂಡ್ಯದಲ್ಲಿ ಓದುವಾಗ ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾಗಿದ್ದೆ. ಕೊನೆಯ ವರ್ಷ ಫೈನಲ್ ಇರುವ ವಾರವೇ ಮನೆಯಲ್ಲಿ ನಿಶ್ಚಿತಾರ್ಥ ಇಟ್ಟುಕೊಂಡರು. ಕಾಲುಗೀಲು ಉಳುಕಿಸಿಕೊಂಡು ಕುಂಟುತ್ತಾ ಹಸೆಮಣೆ ಹತ್ತುತ್ತೀಯಾ ಎಂದು ಅಪ್ಪ ಕೇಳಿದರು. ಫೈನಲ್ ಆಡಲಿಲ್ಲ. ಆಮೇಲೆ ಯಾವುದನ್ನೂ ಆಡಲಿಲ್ಲ. ಇಪ್ಪತ್ತು ವರ್ಷ ಆ ಒಂದು ಮ್ಯಾಚು ನನ್ನೊಳಗೆ ಹಾಗೇ ಉಳಿದುಬಿಟ್ಟಿತ್ತು.

ಪಾರ್ಕಿನಲ್ಲಿ ಯಾರ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಕೆಂಪು ಟೋಪಿಯವನು, ಬಸ್ ಡ್ರೈವರ್, ಡ್ಯೂಟಿ ಮುಗಿಸಿ ಬರುತ್ತಿದ್ದ ಫಿಲಿಪೈನ್ಸಿನ ನರ್ಸ್, ಕಾಲೇಜಿನ ಇಬ್ಬರು ಹುಡುಗಿಯರು. ಅಂಚಿನಲ್ಲಿ ನಿಂತವರನ್ನು ಲೆಕ್ಕ ಹಾಕಿ ಐದಾದರೆ ಒಳಗೆ ಕರೆಯುತ್ತಿದ್ದರು. ಗೆದ್ದವರು ನಿಲ್ಲಬೇಕು, ಸೋತವರು ಹೊರಗೆ. ನನ್ನನ್ನೂ ಕೈ ಬೀಸಿ ಕರೆದರು. ಚೂಡಿದಾರ್, ಕಾಲಿಗೆ ತಂಗಿಯ ಗಂಡನ ಶೂ, ಎರಡು ಸೈಜ್ ದೊಡ್ಡದು, ಒಳಗೆ ಎರಡೆರಡು ಜೊತೆ ಸಾಕ್ಸ್. ಮೊದಲ ಬಾಲು ರಿಂಗಿಗೂ ತಾಗದೆ ಆಚೆ ಹೋಯಿತು. "ಥೂ ನಿನ್ನ ಮನೆ ಹಾಳಾಗ" ಎಂದು ಬಾಯಿ ತಪ್ಪಿ ಬೈದೆ.

ಹಿಂದಿನಿಂದ ಯಾರೋ ಗಹಗಹಿಸಿ ನಕ್ಕರು. "ಚೆಂಡಿಗ್ಯಾಕ ಬೈತಿ ತಂಗಿ? ಅದೇನ್ ಮಾಡೇತಿ? ಮೊಣಕಾಲ ಮಡಚು. ಯಾವೂರಾಕಿ ನೀ?"

ಐವತ್ತರ ಆಸುಪಾಸಿನ ಹೆಂಗಸು. ಗಟ್ಟಿ ಆಳು, ಕತ್ತರಿಸಿದ ನರೆಗೂದಲು, ಮೂಗಿನಲ್ಲಿ ಹಳೇ ಕಾಲದ ಬೇಸರಿ, ಮೈಮೇಲೆ ಜೆರ್ಸಿ. ಹುಬ್ಬಳ್ಳಿಯವರು, ಇಪ್ಪತ್ತೈದು ವರ್ಷದಿಂದ ಅಲ್ಲೇ ಇದ್ದವರು, ಯಾವುದೋ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅವತ್ತಿನಿಂದ ನನಗೆ ಅವರು ಹುಬ್ಬಳ್ಳಿ ಅಕ್ಕ.

ಆ ಅಂಗಳಕ್ಕೆ ಒಂದು ಕಾನೂನಿತ್ತು. ಅದನ್ನು ಮಾಡಿದವರೂ ಅವರೇ ಎಂದು ನರ್ಸ್ ಹೇಳಿದಳು. ಬೇರೆ ಕಡೆ ಏಟು ತಿಂದವರು ಫೌಲ್ ಎಂದು ಕೂಗುತ್ತಾರೆ, ಜಗಳವಾಗುತ್ತದೆ. ಇಲ್ಲಿ ಹಾಗಲ್ಲ. "ಇಲ್ಲಿ ರೆಫ್ರಿ ಇಲ್ಲ ತಂಗಿ. ತಾಗಿಸಿದಾಕಿನ ಕೈ ಎತ್ತಬೇಕು. ತಾಗಿಸ್ಕೊಂಡಾಕಿ ಬಾಯಿ ಬಿಡೂ ಹಂಗಿಲ್ಲ. ಮತ್ತ ಹಿಂಗ್ ಅರ್ಧಮರ್ಧ ಅಲ್ಲ, ಮೊಣಕೈ ಸೀದಾ ಮಾಡಿ ಎತ್ತು, ಎಲ್ಲಾರಿಗೂ ಕಾಣ್ಬೇಕು." ಅವರೂ ಹಾಗೇ ಎತ್ತುತ್ತಿದ್ದರು. ಯಾರೂ ನೋಡದಿದ್ದಾಗ, ಗೆಲ್ಲಲು ಒಂದೇ ಪಾಯಿಂಟ್ ಬಾಕಿ ಇದ್ದಾಗಲೂ ಆ ಕೈ ಮೇಲೇಳುತ್ತಿತ್ತು. ಆರಡಿ ಬಸ್ ಡ್ರೈವರ್ ಕೂಡ ಅವರನ್ನು ನೋಡಿ ಕಲಿತಿದ್ದ. ಇಂಥ ಮನುಷ್ಯರೂ ಇರುತ್ತಾರಲ್ಲ ಎಂದು ನಾನು ಮರುಳಾದೆ. ಮನೆಗೆ ಬಂದು ತಂಗಿಗೂ ಹೇಳಿದೆ. ಅದು ನಮ್ಮಿಬ್ಬರ ಆಟವಾಯಿತು. ನಾನು ಗಂಜಿ ಸೀಯಿಸಿದರೆ ಕೈ ಎತ್ತುತ್ತಿದ್ದೆ. ಪಥ್ಯದ ನಡುವೆ ಕದ್ದು ಐಸ್‌ಕ್ರೀಂ ತಿಂದರೆ ಅವಳು ಮಂಚದಿಂದಲೇ ಕೈ ಎತ್ತುತ್ತಿದ್ದಳು.

ಆಟದಲ್ಲಿ ಹುಬ್ಬಳ್ಳಿ ಅಕ್ಕನಿಗೂ ನನಗೂ ಎಷ್ಟು ಹೊಂದಿಕೆಯಾಯಿತೆಂದರೆ... ನನ್ನನ್ನು ತಡೆಯಲು ಬಂದವರ ದಾರಿಯಲ್ಲಿ ಅವರು ಅಲುಗಾಡದೆ ನಿಲ್ಲುತ್ತಿದ್ದರು. "ನಾ ಗ್ವಾಡಿ ಆಗಿ ನಿಂತಿರ್ತೀನಿ, ನೀ ನನ್ನ ಭುಜ ಸವರ್ಕೊಂಡು ಹಾಯ್ದು ಹೋಗು" ಎನ್ನುವುದು ಅವರ ಮಾತು. ನಾನು ಹಾಯ್ದು ಹೋಗುತ್ತಿದ್ದೆ. ಹಿಂದೆ ತಿರುಗಿ ನೋಡುವ ಅಗತ್ಯವೇ ಇರಲಿಲ್ಲ, ಅವರು ಅಲ್ಲಿರುತ್ತಿದ್ದರು. ಇಪ್ಪತ್ತು ವರ್ಷ ಮನೆಯಲ್ಲೂ ಶಾಲೆಯಲ್ಲೂ ಯಾರನ್ನೂ ಅಷ್ಟು ಕಣ್ಣುಮುಚ್ಚಿ ನಂಬಿದ್ದಿಲ್ಲ ನಾನು.

ಒಂದು ಸಂಜೆ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಾ ಆ ಆಡದ ಫೈನಲ್ ವಿಷಯ ಹೇಳಿದೆ. ಮಾತಿಗೆ ಮಾತು ಬಂದು, ಕಾಲೇಜಿನಲ್ಲಿ ಜಿಲ್ಲಾ ಮಟ್ಟದ ಪಂದ್ಯಗಳಿಗೆ ಸ್ಕೋರ್‌ಶೀಟ್ ಬರೆಯುತ್ತಿದ್ದೆ, ನನ್ನ ಶೀಟ್ ತಪ್ಪಿಲ್ಲದೆ ಇರುತ್ತದೆ ಎಂದು ರೆಫ್ರಿಗಳು ಹುಡುಕಿಕೊಂಡು ಬರುತ್ತಿದ್ದರು ಎಂದೂ ಜಂಬ ಕೊಚ್ಚಿಕೊಂಡೆ.

"ಹೌದಾ? ಶೀಟ್ ಬರ್ಯಾಕ್ ಬರ್ತೇತೇನ್ ನಿನಗ?" ಎಂದು ಅಕ್ಕ ನನ್ನ ಕಡೆಗೆ ಪೂರ್ತಿ ತಿರುಗಿ ಕೂತರು. ಫೈನಲ್ ಕತೆ ಕೇಳುವಾಗ ಹಾಗೆ ತಿರುಗಿರಲಿಲ್ಲ. ಅದು ನನಗೆ ಹೊಳೆದಿದ್ದು ಎಷ್ಟೋ ಆಮೇಲೆ.

ಎರಡು ದಿನ ಬಿಟ್ಟು ಅವರೇ ಮಾತು ತೆಗೆದರು. ಮೆಲ್ಬರ್ನಿನಲ್ಲಿ ಅವರದೊಂದು ಹೆಂಗಸರ ಟೀಮ್ ಇದೆ, ವರ್ಷಕ್ಕೊಮ್ಮೆ ಶನಿವಾರ ಟೂರ್ನಮೆಂಟು, ಕಾರಿನಲ್ಲಿ ಹೋಗಿ ಬರೋಣ. "ನೀ ಬರಾಕಬೇಕ ನೋಡ. ನೀ ಇಲ್ಲಂದ್ರ ಆಗೂದಿಲ್ಲ."

"ನನ್ನನ್ನ ಆಡಿಸ್ತಾರಾ ಅಕ್ಕಾ?" ಎಂದು ಕೇಳಿದೆ. ಬಾಯಿಬಿಟ್ಟೇ ಕೇಳಿದೆ.

"ಆಡಾಕಲ್ಲದ ಮತ್ಯಾಕ ಕರಿತೀನಿ? ಫಸ್ಟ್ ಫೈವ್‌ನ್ಯಾಗ ನೀ."

ಇದನ್ನು ಬರೆಯುವಾಗಲೂ ಅವರ ದನಿ ಕಿವಿಯಲ್ಲಿದೆ. ನಾನೇ ಏನೋ ಕಲ್ಪಿಸಿಕೊಂಡೆ ಎಂದು ಯಾರೂ ಹೇಳುವ ಹಾಗಿಲ್ಲ.

ಕೂಸಿಗೆ ಆಗ ನಲವತ್ತೈದು ದಿನ. ಬಾಣಂತಿಯನ್ನು ಬಿಟ್ಟು ಚೆಂಡಾಡಲು ಹೋಗುವವಳನ್ನು ಎಲ್ಲಾದರೂ ಕಂಡಿದ್ದೀರಾ? ಅಮ್ಮನಿಗೆ ಹೇಳುವ ಧೈರ್ಯವಾಗಲಿಲ್ಲ. ತಂಗಿಯ ಮುಂದೆ ಕೈ ಹಿಸುಕುತ್ತಾ ನಿಂತೆ. ಅವಳು ಮಗುವಿಗೆ ಹಾಲು ಕೊಡುತ್ತಾ, "ಹೋಗೇ, ಮೂರು ದಿನ ತಾನೆ? ನಾನೇನು ಸತ್ತುಹೋಗ್ತೀನಾ? ಇವ್ರು ಲೀವ್ ಹಾಕ್ತಾರೆ. ಆಡ್ಕೊಂಡು ಬಾ" ಎಂದಳು. ಸಾಲದ್ದಕ್ಕೆ ಗಂಡನನ್ನು ಕಳಿಸಿ ನನ್ನ ಅಳತೆಯ ಹೊಸ ಶೂ ತರಿಸಿದಳು. ಬಿಳಿ ಶೂ, ನೀಲಿ ಲೇಸು. ಆ ದಿನ ನಾನು ಬಚ್ಚಲುಮನೆಗೆ ಹೋಗಿ ಅತ್ತೆ.

ಶುಕ್ರವಾರ ಬೆಳಗಾಗುವ ಹೊತ್ತಿಗೆ ಹೊರಟೆವು. ಒಂಬತ್ತು ಗಂಟೆಯ ಹಾದಿ. ಅಕ್ಕ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬುತ್ತಿ ಕಟ್ಟಿಕೊಂಡು ಬಂದಿದ್ದರು. ದಾರಿಯುದ್ದಕ್ಕೂ ಯಾವ ಸನ್ನೆಗೆ ಯಾವ ಪಾಸು ಎಂದು ನಾನು ಒದರಿದ್ದೇ ಒದರಿದ್ದು, ಅವರು ಹೂಂಗುಟ್ಟಿದ್ದೇ ಹೂಂಗುಟ್ಟಿದ್ದು. ಮೆಲ್ಬರ್ನಿನ ಅಂಚಿನ ಟ್ರುಗನಿನಾದಲ್ಲಿ ಅವರ ಪರಿಚಯದವರ ಮನೆಯಲ್ಲಿ ಉಳಿದೆವು. ಮಲಗುವ ಮುಂಚೆ ಜೆರ್ಸಿ ಕೇಳಿದೆ. ಅಲ್ಲೇ ಕೊಡ್ತಾರ ಎಂದರು.

ಬೆಳಿಗ್ಗೆ ಟೂರ್ನಮೆಂಟಿನ ಇಂಡೋರ್ ಸ್ಟೇಡಿಯಮ್ಮಿನೊಳಗೆ ಕಾಲಿಟ್ಟರೆ ಮರದ ನೆಲ, ಬಣ್ಣದ ಗೆರೆಗಳು, ಗೋಡೆ ಮೇಲೆ ಮಿನುಗುವ ಸ್ಕೋರ್‌ಬೋರ್ಡು. ಊರಿನ ಇನ್ನೊಂದು ತುದಿಯ ಕ್ರೇಗಿಬರ್ನಿನಿಂದ ಬಂದಿದ್ದ ಒಬ್ಬಳು, ಬೆನ್ನ ಮೇಲೆ ಒಂಬತ್ತನೇ ನಂಬರ್, ಓಡಿ ಬಂದು ನನ್ನ ಕೈ ಹಿಡಿದಳು.

"ಓ, ನೀವೇನಾ ನಮ್ಮ ಸ್ಕೋರರ್? ಥ್ಯಾಂಕ್ ಗಾಡ್! ಎರಡು ವಾರದಿಂದ ಇವ್ರು ಹೇಳ್ತಾನೇ ಇದ್ರು, ಪರ್ಫೆಕ್ಟ್ ಆಗಿರೋರು ಒಬ್ರು ಸಿಕ್ಕಿದ್ದಾರೆ ಅಂತ. ಲಾಸ್ಟ್ ಇಯರ್ ಟೇಬಲ್‌ಗೆ ಯಾರೂ ಇಲ್ದೆ ನಮ್ಗೆ ಪಾಯಿಂಟ್ಸ್ ಕಟ್ ಮಾಡಿದ್ರು ಗೊತ್ತಾ?"

ಅಲ್ಲಿನ ಪದ್ಧತಿ ಅದು. ಪ್ರತಿ ಟೀಮೂ ಸ್ಕೋರ್ ಟೇಬಲ್ಲಿಗೆ ತನ್ನ ಕಡೆಯಿಂದ ಒಬ್ಬರನ್ನು ಕೂರಿಸಲೇಬೇಕು. ಎಂಟು ಜನರಿದ್ದರು, ಎಂಟಕ್ಕೆ ಎಂಟೂ ಆಡಲು ಬಂದವರು. ಕೂರಲು ಒಬ್ಬಳು ಬೇಕಿತ್ತು.

ನಾನು ಅಕ್ಕನನ್ನು ನೋಡಿದೆ. ಅವರು ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದರು. ಹುಡುಕಿ ತೆಗೆದು ನನ್ನ ಕೈಗಿಟ್ಟಿದ್ದು ಪೆನ್ನು ಮತ್ತು ಅಡಿಪಟ್ಟಿ. "ಇದೊಂದ್ ಮ್ಯಾಚ್ ಬರ‍್ದಬಿಡು ತಂಗಿ. ಮುಂದಿಂದಕ್ಕ ನೋಡೂಣಂತ."

ಎದ್ದು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಲ್ಲಿಗೆ ಹೋಗಲಿ? ಗುರುತಿಲ್ಲದ ಊರು, ಬಂದಿದ್ದು ಅವರ ಕಾರಿನಲ್ಲಿ, ಮಲಗಿದ್ದು ಅವರ ಗೆಳತಿಯ ಮನೆಯಲ್ಲಿ. ಅದೂ ಪೂರ್ತಿ ನಿಜವಲ್ಲ. ಮುಂದಿನದಕ್ಕೆ ಎಂದರಲ್ಲ, ಆ ಆಸೆಗೆ ಬಿದ್ದೆ. ಎರಡನೇ ಮ್ಯಾಚಿನಲ್ಲೂ ಮುಂದಿನದಕ್ಕೆ ಎಂದರು. ಹೊಸ ಶೂ ಹಾಕಿಕೊಂಡೇ ಕೂತಿದ್ದೆ, ಲೇಸು ಬಿಗಿದುಕೊಂಡು. ಮೂರನೆಯದು ಫೈನಲ್. ಆಗ ಅಕ್ಕ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೊಂದು ಫೈನಲ್ ನನ್ನ ಕಣ್ಣ ಮುಂದೆಯೇ ಶುರುವಾಯಿತು. ಸ್ಕೋರರ್ ಎಂಬಲ್ಲಿ ನನ್ನ ಹೆಸರನ್ನು ನಾನೇ ಬರೆದುಕೊಂಡೆ.

ಕೊನೆಯ ಒಂದು ನಿಮಿಷ ಉಳಿದಿತ್ತು. ಐದು ಫೌಲ್ ಆದರೆ ಆಟಗಾರ್ತಿ ಹೊರಗೆ. ಅಕ್ಕನ ನಂಬರ್ ಏಳು, ಅವರ ಹೆಸರಿನ ಮುಂದೆ ನಾಲ್ಕು ಫೌಲ್ ಬರೆದಿದ್ದೆ. ಕ್ರೇಗಿಬರ್ನಿನವಳಿಗೂ ನಾಲ್ಕು. ಎದುರಾಳಿ ಹುಡುಗಿ ಚೆಂಡು ಎತ್ತಿ ಹಾರಿದಳು. ಇವರಿಬ್ಬರೂ ತಡೆಯಲು ಹಾರಿದರು. ನನ್ನಿಂದ ಎರಡು ಮಾರು ದೂರ. ಅಕ್ಕನ ಮೊಣಕೈ ಆ ಹುಡುಗಿಯ ಕೆನ್ನೆಗೆ ಬಡಿದದ್ದು ಸದ್ದು ಸಮೇತ ನನಗೆ ತಿಳಿಯಿತು. ರೆಫ್ರಿ ಹಿಂದಿನಿಂದ ಓಡಿ ಬಂದವನು, ಟೇಬಲ್ ಕಡೆ ತಿರುಗಿ ಬೆರಳಲ್ಲಿ ಒಂಬತ್ತು ತೋರಿಸಿದ.

"ನಾಟ್ ಮೀ! ನಾನಲ್ಲ!" ಎಂದು ಅವಳು ಕೂಗಿದಳು.

ನನ್ನ ಪೆನ್ನು ಹಾಳೆಯ ಮೇಲೆ ನಿಂತಿತು. ಈಗ ಎತ್ತುತ್ತಾರೆ ಎಂದು ಕಾದೆ. ದೇವರಾಣೆಗೂ ನಂಬಿದ್ದೆ. ನನಗೆ ಮಾಡಿದ್ದನ್ನೆಲ್ಲ ಆ ಒಂದು ಕ್ಷಣಕ್ಕೆ ಮರೆತು, ಎತ್ತಕ್ಕಾ, ಎತ್ತು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಕ್ಕ ಬಗ್ಗಿ ಶೂ ಲೇಸು ಕಟ್ಟುತ್ತಿದ್ದರು. ಬಿಚ್ಚಿರದ ಲೇಸು.

ರೆಫ್ರಿ ತೋರಿಸಿದ್ದನ್ನಷ್ಟೇ ಬರೆಯಬೇಕು, ಸ್ಕೋರರ್ ಕೆಲಸ ಅದು. ಒಂಬತ್ತರ ಮುಂದೆ ಐದನೆಯ ಗುರುತು ಹಾಕಿದೆ. ಅವಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಎರಡು ಪಾಯಿಂಟಿನಿಂದ ಗೆದ್ದರು. ಅಕ್ಕ ಬೆವರು ಮೈಯಲ್ಲೇ ಬಂದು ನನ್ನನ್ನು ತಬ್ಬಿ, "ನಿನ್ನಿಂದ ಗೆದ್ವಿ ತಂಗಿ!" ಎಂದರು. ನಾನು ಮರದ ಕೊರಡಿನ ಹಾಗೆ ನಿಂತಿದ್ದೆ.

ಆಮೇಲೆ ಶೀಟ್ ಮುಗಿಸಬೇಕಲ್ಲ, ಅದರ ಹಳದಿ ಕಾರ್ಬನ್ ಪ್ರತಿ ಸ್ಕೋರರ್ ಕೈಗೇ ಉಳಿಯುತ್ತದೆ. ಆಟಗಾರರ ಪಟ್ಟಿಯಲ್ಲಿ ಹನ್ನೆರಡು ಸಾಲು. ಎಂಟು ತುಂಬಿದ್ದವು. ಉಳಿದವುಗಳಿಗೆ ಪಂದ್ಯ ಮುಗಿದ ಮೇಲೆ ಯಾರೂ ಹೆಸರು ಸೇರಿಸದಂತೆ ಗೆರೆ ಎಳೆಯಬೇಕು, ಅದು ನಿಯಮ. ಆ ನಾಲ್ಕು ಖಾಲಿ ಸಾಲಿನ ಮೇಲೆ ಅಡಿಪಟ್ಟಿ ಇಟ್ಟು, ಸೊಟ್ಟವಾಗದ ಹಾಗೆ ಗೆರೆ ಎಳೆದವಳು ನಾನೇ.

ಮರುದಿನ ವಾಪಸ್ ಬರುವಾಗ ನಾಲ್ಕು ಗಂಟೆ ಕಿಟಕಿಯಾಚೆಯ ಬಯಲು ನೋಡುತ್ತಾ ಕೂತೆ. ಕೊನೆಗೆ ತಡೆಯಲಾರದೆ ಕೇಳಿದೆ. "ಅಕ್ಕಾ, ಆ ಫೌಲ್ ನಿಮ್ದಲ್ವಾ?"

"ಹೌದು" ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ಪಾರ್ಕಿನ ಆಟ ಬ್ಯಾರೆ, ಮ್ಯಾಚ್ ಬ್ಯಾರೆ. ಅಲ್ಲಿ ಸೀಟಿ ಊದಾಂವ ಇರ್ತಾನಲ್ಲ, ಹಿಡಿಯೂದು ಅವನ ಕೆಲಸ."

"ಮತ್ತೆ ನನಗೆ ಹೇಳಿದ್ದು? ಫಸ್ಟ್ ಫೈವ್ ಅಂದಿದ್ದು?"

ಮುಂದಿದ್ದ ಲಾರಿಯನ್ನು ಹಿಂದೆ ಹಾಕಿ ಅಂದರು, "ಖರೇ ಹೇಳಿದ್ರ ನೀ ಬರ್ತಿದ್ದೇನ?"

ಬರುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ. ಒಂದು ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಬುತ್ತಿ ಬಿಚ್ಚಿದರು. ಬೇಡ ಎನ್ನಬೇಕೆಂದಿದ್ದೆ, ಹೊಟ್ಟೆ ಕೇಳಲಿಲ್ಲ. ಅವರ ರೊಟ್ಟಿಯನ್ನೇ ತಿಂದೆ. ರುಚಿಯಾಗಿಯೂ ಇತ್ತು, ಹಾಳಾದ್ದು. ಅವರು ಕೈತೊಳೆಯಲು ಹೋದಾಗ ನಾನು ಹೊಸ ಶೂಗಳನ್ನು ಅಲ್ಲಿಯ ಟಾರಿನ ಮೇಲೆ ಗಸಗಸ ಉಜ್ಜಿದೆ. ಅಟ್ಟೆ ಸವೆದ ಹಾಗೆ ಕಾಣಬೇಕಿತ್ತು.

ಮನೆಗೆ ಬಂದರೆ ತಂಗಿಯ ಮುಖ ಬಾಡಿಹೋಗಿತ್ತು. ನಾನಿಲ್ಲದಾಗ ಎದೆಹಾಲು ಕಟ್ಟಿಕೊಂಡು ಜ್ವರ ಬಂದು, ಒಂದು ಹಗಲು ಒಂದು ರಾತ್ರಿ ನರಳಿದ್ದಳಂತೆ. ನನಗೆ ಫೋನ್ ಮಾಡಬಾರದೆಂದು ಗಂಡನಿಂದ ಆಣೆ ಹಾಕಿಸಿಕೊಂಡಿದ್ದಳಂತೆ. "ಹೋಗ್ಲಿ ಬಿಡು, ನೀನು ಆಡಿದ್ಯಲ್ಲ, ಅಷ್ಟು ಸಾಕು. ಎಷ್ಟು ಪಾಯಿಂಟ್ ಹೊಡ್ದೆ?" ಎಂದು ಕೇಳಿದಳು.

"ಹನ್ನೆರಡು" ಎಂದೆ. "ಗೆದ್ವಿ ಕಣೇ."

ಮತ್ತೆ ಪಾರ್ಕಿನ ಕಡೆ ಹೋಗಲಿಲ್ಲ. ಕಾಲುನೋವು ಎಂದೆ. ಅಕ್ಕನಿಂದ ಮೆಸೇಜು ಬಂತು, ಯಾಕ ಬರವಲ್ಲಿ ತಂಗಿ, ಎಲ್ಲಾರೂ ಕೇಳಾಕತ್ತಾರ ಎಂದು. ಉತ್ತರಿಸಲಿಲ್ಲ. ಮೈಸೂರಿಗೆ ಬಂದ ಮೇಲೂ ಎರಡು ಯುಗಾದಿಗೆ ಶುಭಾಶಯ ಬಂದವು. ಅದಕ್ಕೂ ಇಲ್ಲ. ಮೂರನೇ ಯುಗಾದಿಗೆ ಏನೂ ಬರಲಿಲ್ಲ. ಅವತ್ತು ಸಂಜೆಯವರೆಗೂ ಫೋನ್ ನೋಡುತ್ತಿದ್ದೆ ಎಂದರೆ ನನಗೇ ನಾಚಿಕೆ. ಈಗ ಎಲ್ಲಿದ್ದಾರೋ, ಆಡುತ್ತಾರೋ ಇಲ್ಲವೋ... ಕ್ಷಮಿಸಿಲ್ಲ ನಾನು. ಆದರೆ ಕಣ್ಣುಮುಚ್ಚಿ ಹಾಯ್ದು ಹೋಗಲು ಆಮೇಲೆ ನನಗೆ ಇನ್ನೊಂದು ಭುಜವೂ ಸಿಗಲಿಲ್ಲ.

ನಿನ್ನೆ ಭಾನುವಾರ ತಂಗಿಯ ವಿಡಿಯೋ ಕಾಲ್. ಆ ಕೂಸಿಗೆ ಈಗ ಐದು ವರ್ಷ. ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ್ದಾನಂತೆ. ದೊಡ್ಡಮ್ಮ, ನಾನು ಬೇಬಿ ಆಗಿದ್ದಾಗ ನನ್ನ ಬಿಟ್ಟು ಮೆಲ್ಬರ್ನಿಗೆ ಓಡಿಹೋಗಿ ಎಷ್ಟು ಪಾಯಿಂಟ್ ಹೊಡೆದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಈ ಕತೆ ಅವರ ಮನೆಯಲ್ಲಿ ಎಷ್ಟು ಸಲ ಆಗಿದೆಯೋ. ಹಳದಿ ಹಾಳೆ ನನ್ನ ತೊಡೆಯ ಮೇಲೇ ಇತ್ತು. ಹನ್ನೆರಡು ಎಂದು ಬಾಯಿಗೆ ಬಂದದ್ದು ಹೊರಡಲಿಲ್ಲ.

"ಸೊನ್ನೆ ಕಣೋ. ನಾನು ಆಡ್ಲೇ ಇಲ್ಲ. ಟೇಬಲ್ ಹತ್ರ ಕೂತು ಬರೀತಿದ್ದೆ."

ಹಿಂದೆ ಪಾತ್ರೆಯ ಸದ್ದು ನಿಂತಿತು. ತಂಗಿ ಬಂದು ಮಗನ ಕೈಯಿಂದ ಫೋನ್ ತೆಗೆದುಕೊಂಡಳು.

"ಬಜೆ ಸಿಕ್ತಂತೆ, ಅಮ್ಮ ಹೇಳಿದ್ರು."

"ಸಿಕ್ತು."

"ಕಾಗದ ಸಮೇತ?"

ತೊಡೆಯ ಮೇಲಿದ್ದ ಹಾಳೆಯತ್ತ ನನ್ನ ಕಣ್ಣು ಹೋಯಿತು.

"ಕಸದ ಬುಟ್ಟಿಯಿಂದ ತೆಗೆದು ಸುತ್ತಿದ್ದು ನಾನೇ. ನೀನೇ ಹೇಳ್ತೀಯ ಅಂತ ಐದು ವರ್ಷ ಕಾದೆ ಕಣೇ" ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಫೋನಿನ ಮುಂದೆ ಬಲಗೈ ಎತ್ತಿದೆ. ಹುಬ್ಬಳ್ಳಿ ಅಕ್ಕ ಹೇಳಿಕೊಟ್ಟಿದ್ದ ಹಾಗೆ, ಮೊಣಕೈ ನೇರ ಮಾಡಿ, ಅವಳಿಗೆ ಕಾಣುವವರೆಗೂ.